ಹೊಸ ಲ್ಯಾಪ್‌ಟಾಪಿನ ವಿಂಡೋಸ್ 11 ತೆಗೆದು ಹಳೆಯದು ಹಾಕಬೇಕು, ಆಗುತ್ತಾ?

ಸಿದ್ದಾಪುರ ರೈಟರ್:
ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಹಾಜರಿ, ಲೆಕ್ಕ ಬರೆಯುವ ಕೆಲಸ. ಆಫೀಸಿನ ಹಳೆಯ ಕಂಪ್ಯೂಟರ್ ಈ ಮಳೆಗಾಲ ಕಳೆದ ಮೇಲೆ ಸರಿಯಾಗಿ ಆನ್ ಆಗುತ್ತಿಲ್ಲ. ಒಂದು ದಿನ ಬರುತ್ತದೆ, ಇನ್ನೊಂದು ದಿನ ಬರೀ ಫ್ಯಾನ್ ತಿರುಗುತ್ತದೆ. ಸಾಹುಕಾರ್ರು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾರೆ. 13ನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 11 ಹೋಮ್ ಹಾಕಿಯೇ ಬಂದಿದೆ.

ತೊಂದರೆ ಏನೆಂದರೆ ನಮ್ಮ ಚೆಕ್‌ರೋಲ್ ಪ್ರೋಗ್ರಾಂ ಇದರಲ್ಲಿ ಓಪನ್ ಆಗುವುದಿಲ್ಲ. ಹಾಜರಿ, ಕುಯ್ಲಿನ ಕಿಲೋ ಲೆಕ್ಕ, ಮುಂಗಡ, ಬಟವಾಡೆ ಎಲ್ಲ ಅದರಲ್ಲೇ ಇದೆ. ಡಬಲ್ ಕ್ಲಿಕ್ ಮಾಡಿದರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಅಂತ ಬರುತ್ತದೆ, ಅಷ್ಟೇ. ಹಳೆಯದರಲ್ಲಿ ವಿಂಡೋಸ್ 7 ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಹಾಗಾಗಿ 11 ತೆಗೆದು 7 ಹಾಕಿಸೋಣ, ಆಗದಿದ್ದರೆ 10 ಆದರೂ ಹಾಕಿಸೋಣ ಅಂತಿದ್ದೇನೆ. ಪೇಟೆಯಲ್ಲಿ ಒಂದು ಅಂಗಡಿಯವರು ಆಗುತ್ತೆ ಅಂದರು, ಪಕ್ಕದವರು ಆಗಲ್ಲ ಅಂದರು. ರೋಬಸ್ಟಾ ಕುಯ್ಲು ಶುರುವಾಗುವ ಮೊದಲು ಇದು ಮುಗಿಯಬೇಕು, ಆಮೇಲೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ.

ಗೋಣಿಕೊಪ್ಪ ಬಾಯ್:
ತುಂಬಾ ಸುಲಭ ಅಣ್ಣ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ. ಅಲ್ಲಿ ಗೋ ಬ್ಯಾಕ್ ಅಂತ ಬಟನ್ ಇದೆ. ಒತ್ತಿದರೆ 10ಕ್ಕೆ ಹೋಗುತ್ತದೆ. ನಮ್ಮ ಅಪ್ಪನ ಲ್ಯಾಪ್‌ಟಾಪಲ್ಲಿ ಹಾಗೇ ಮಾಡಿದೆ.

ಕುಶಾಲನಗರ ರಿಪೇರಿ:
ಅದು ಬೇರೆ ಕಥೆ ಮಾರಾಯ. ನಿಮ್ಮ ಅಪ್ಪನ ಲ್ಯಾಪ್‌ಟಾಪಿನಲ್ಲಿ ಮೊದಲು 10 ಇದ್ದು, ಆಮೇಲೆ 11ಕ್ಕೆ ಅಪ್‌ಗ್ರೇಡ್ ಆಗಿರಬೇಕು. ಅಂಥದ್ದಕ್ಕೆ ಮಾತ್ರ ಆ ಬಟನ್ ಕೆಲಸ ಮಾಡುವುದು, ಅದೂ ಅಪ್‌ಗ್ರೇಡ್ ಆದ 10 ದಿನದೊಳಗೆ. ಹಳೆಯ ವಿಂಡೋಸ್ ಫೈಲುಗಳನ್ನು ಅಲ್ಲಿಯವರೆಗೆ ಪಕ್ಕದಲ್ಲಿ ಇಟ್ಟಿರುತ್ತದೆ, ಆಮೇಲೆ ಅಳಿಸಿಬಿಡುತ್ತದೆ. ರೈಟರ್ ಅವರದ್ದು ಕಂಪನಿಯಿಂದಲೇ 11 ಹಾಕಿ ಬಂದದ್ದು. ವಾಪಸ್ ಹೋಗಲು ಹಿಂದೆ ಏನೂ ಇಲ್ಲ. ಪೂರ್ತಿ ಒರೆಸಿ ಹೊಸದಾಗಿಯೇ ಹಾಕಬೇಕು.

ಈಗ 7ರ ವಿಷಯ. ರೈಟರ್ರೇ, ಆಗುತ್ತೆ ಅಂದ ಅಂಗಡಿಯವರಿಗೆ ಮಾತ್ರ ಲ್ಯಾಪ್‌ಟಾಪ್ ಕೊಡಬೇಡಿ. 7 ಬಂದಿದ್ದು 2009ರಲ್ಲಿ. ಅದರ ಇನ್‌ಸ್ಟಾಲರ್‌ಗೆ ಯುಎಸ್‌ಬಿ 3 ಗೊತ್ತಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಆದರೂ ಮೊದಲನೇ ಸ್ಕ್ರೀನಲ್ಲೇ ಮೌಸ್, ಕೀಬೋರ್ಡ್ ಸತ್ತ ಹಾಗೆ ಕೂತುಬಿಡುತ್ತವೆ. ನಿಮ್ಮ ಎಸ್‌ಎಸ್‌ಡಿ ಎನ್‌ವಿಎಂಇ ಅನ್ನುವ ಹೊಸ ಥರದ್ದಾಗಿರುತ್ತದೆ, ಅದೂ ಅದಕ್ಕೆ ಗೊತ್ತಿಲ್ಲ. ಇವೆರಡನ್ನೂ ಡ್ರೈವರ್ ಸೇರಿಸಿ ಹೇಗೋ ದಾಟಬಹುದು. ದಾಟಲು ಆಗದ್ದು ಮೂರನೆಯದು. ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ ಹಿಂದೆ ಬಯಾಸ್, ಈಗ ಯುಇಎಫ್‌ಐ. 7ಕ್ಕೆ ಹಳೆಯ ಬಯಾಸ್ ಥರದ ಬೂಟ್ ಬೇಕು, ಅದನ್ನು ಹೊಸ ಯುಇಎಫ್‌ಐ ಒಳಗೆ ಸಿಎಸ್‌ಎಂ ಅಂತ ಇಟ್ಟಿರುತ್ತಿದ್ದರು. 2020ರ ಹೊತ್ತಿಗೆ ಇದನ್ನು ತೆಗೆಯುತ್ತೇವೆ ಅಂತ ಇಂಟೆಲ್‌ನವರು ಮೊದಲೇ ಹೇಳಿದ್ದರು, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಹೇಗೋ ಹಾಕಿದಿರಿ ಅಂದುಕೊಳ್ಳಿ, 13ನೇ ಜನರೇಷನ್‌ನ ಗ್ರಾಫಿಕ್ಸ್‌ಗೆ 7ರ ಡ್ರೈವರ್ ಯಾರೂ ಬರೆದಿಲ್ಲ. ವೈಫೈ ಕಥೆಯೂ ಅದೇ.

ವಿರಾಜಪೇಟೆ ಅಂಕಲ್:
ಬ್ಯಾಂಕಿನಲ್ಲಿ ಇದ್ದವನಾಗಿ ಒಂದು ಮಾತು. ಹಾಕಲು ಬಂದರೂ 7 ಬೇಡ. 2020ರ ಜನವರಿ 14ಕ್ಕೆ ಅದರ ಸಪೋರ್ಟ್ ಮುಗಿಯಿತು. ಕ್ರೋಮ್ ಕೂಡ 109ನೇ ಆವೃತ್ತಿಗೆ ನಿಂತಿದೆ. ಅದರಲ್ಲಿ ನೆಟ್‌ಬ್ಯಾಂಕಿಂಗ್ ಮಾಡಿ ಕಾರ್ಮಿಕರ ಖಾತೆಗೆ ಹಣ ಹಾಕುವುದು ಅಂದರೆ ನನಗೆ ಕೇಳುವಾಗಲೇ ಭಯ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಬಂದಾಗ ಸಿಕ್ಕಿಬಿದ್ದ ಯಂತ್ರಗಳಲ್ಲಿ 7 ಇದ್ದವೇ ಜಾಸ್ತಿ. ಅದಕ್ಕೆ ಮದ್ದು ಎರಡು ತಿಂಗಳ ಮೊದಲೇ ಬಂದಿತ್ತು, ಜನ ಹಾಕಿಕೊಂಡಿರಲಿಲ್ಲ. ಈಗ ಮದ್ದು ಬರುವುದೇ ಇಲ್ಲ.

ಸಿದ್ದಾಪುರ ರೈಟರ್:
ಸರಿ, 7 ಬಿಟ್ಟೆ. 10 ಹಾಕಬಹುದಾ?

ಪೊನ್ನಂಪೇಟೆ ಮಳೆ:
10 ಹಾಕಬಹುದು. ನಾನು ಹಾಕಿಕೊಂಡಿದ್ದೇನೆ, ನನ್ನದು 12ನೇ ಜನರೇಷನ್. 11ರ ಟಾಸ್ಕ್‌ಬಾರ್ ನನಗೆ ಆಗುವುದೇ ಇಲ್ಲ. ರೈಟ್ ಕ್ಲಿಕ್ ಮಾಡಿದರೆ ಅರ್ಧ ಮೆನು, ಇನ್ನರ್ಧಕ್ಕೆ ಇನ್ನೊಂದು ಕ್ಲಿಕ್. ಯಾಕೆ ಬೇಕಿತ್ತು ಅದು? ಇರಲಿ.

ನೀವು ಹಾಕುವುದಾದರೆ ಮೊದಲನೇ ಅಡ್ಡಿ ಡಿಸ್ಕ್. 10ರ ಇನ್‌ಸ್ಟಾಲರ್ ಎಲ್ಲ ಸರಿಯಾಗಿ ಬಂದು, ಎಲ್ಲಿ ಹಾಕಲಿ ಅಂತ ಕೇಳುವ ಜಾಗದಲ್ಲಿ ಪಟ್ಟಿ ಖಾಲಿ ತೋರಿಸುತ್ತದೆ. ನೋಡಿದವರು ಎಸ್‌ಎಸ್‌ಡಿ ಹೋಯಿತು ಅಂದುಕೊಳ್ಳುತ್ತಾರೆ. ಏನೂ ಹೋಗಿಲ್ಲ. 11ನೇ ಜನರೇಷನ್‌ನಿಂದ ಈಚೆಗೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅಂತ ಒಂದು ವ್ಯವಸ್ಥೆ ಇರುತ್ತದೆ, ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ಆ ಸ್ಕ್ರೀನಲ್ಲಿ ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡಿಸ್ಕ್ ಬರುತ್ತದೆ. ಕೆಲವು ಬಯಾಸ್‌ಗಳಲ್ಲಿ ವಿಎಂಡಿಯನ್ನೇ ಆಫ್ ಮಾಡಬಹುದು. ಆದರೆ ಒಂದು ವಿಷಯ, ಒಳಗಿರುವ 11 ಇನ್ನೂ ಬೇಕು ಅಂದರೆ ಅದನ್ನು ಮುಟ್ಟಬೇಡಿ, ನೀಲಿ ಸ್ಕ್ರೀನ್ ಬಂದು 11 ಬೂಟೇ ಆಗದೆ ಕೂರಬಹುದು.

ಎರಡನೇದು ಟಚ್‌ಪ್ಯಾಡ್. ಇನ್‌ಸ್ಟಾಲ್ ಆಗುವಾಗ ಕೆಲಸ ಮಾಡದೇ ಇರಬಹುದು, ಒಂದು ವೈರ್ ಇರುವ ಮೌಸ್ ಹತ್ತಿರ ಇಟ್ಟುಕೊಳ್ಳಿ. ಆಮೇಲೆ ವೈಫೈ. ಹೊಸ ವೈಫೈ ಕಾರ್ಡ್‌ಗಳ ಡ್ರೈವರ್ 10ರ ಒಳಗೆ ಇಲ್ಲದಿರುವುದೇ ಹೆಚ್ಚು, ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಆ್ಯಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಉಳಿದದ್ದನ್ನು ವಿಂಡೋಸ್ ಅಪ್‌ಡೇಟ್ ತಾನೇ ತರುತ್ತದೆ.

ನಾಪೋಕ್ಲು ಅಕ್ಕ:
ನಮ್ಮ ಮನೆಯಲ್ಲಿ ನೆಟ್ ಬರುವುದೇ ಗೇಟಿನ ಹತ್ತಿರ. 10ರ ಫೈಲ್ ಎಷ್ಟು ದೊಡ್ಡದು? ನಮ್ಮ ಲ್ಯಾಪ್‌ಟಾಪಿಗೂ ಮಾಡಿಸಬೇಕು, ಬರೀ 4 ಜಿಬಿ ರ‍್ಯಾಮ್, 11ರಲ್ಲಿ ಆಮೆಯ ಹಾಗೆ ಹೋಗುತ್ತದೆ.

ಪೊನ್ನಂಪೇಟೆ ಮಳೆ:
5 ಜಿಬಿಗಿಂತ ಜಾಸ್ತಿ ಅಕ್ಕ. ವಿಂಡೋಸ್ ಕಂಪ್ಯೂಟರ್‌ನಿಂದ ಮೈಕ್ರೋಸಾಫ್ಟ್ ಸೈಟ್ ತೆರೆದರೆ 10ಕ್ಕೆ ಮೀಡಿಯಾ ಕ್ರಿಯೇಷನ್ ಟೂಲ್ ಅಂತ, ತಾನೇ ಇಳಿಸಿ ಪೆನ್‌ಡ್ರೈವ್ ಮಾಡುವ ಪ್ರೋಗ್ರಾಂ ಅನ್ನೇ ಕೊಡುತ್ತದೆ. ನೆಟ್ ಬಂದು ಹೋಗಿ ಮಾಡುವ ಜಾಗದಲ್ಲಿ ಅದು ಅರ್ಧಕ್ಕೆ ಕೈ ಕೊಟ್ಟರೆ ಮತ್ತೆ ಮೊದಲಿನಿಂದ ಶುರು. ಅದೇ ಪುಟವನ್ನು ಫೋನಿನಲ್ಲಿ ತೆರೆಯಿರಿ, ಆಗ ಇಡೀ 10 ಒಂದರಲ್ಲೇ ಇರುವ ಐಎಸ್‌ಒ ಫೈಲಿನ ನೇರ ಲಿಂಕ್ ಕೊಡುತ್ತದೆ. ಆ ಲಿಂಕ್ 24 ಗಂಟೆ ಇರುತ್ತದೆ. ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋದಾಗ ಒಳ್ಳೆ ಸಿಗ್ನಲ್ ಇರುವ ಕಡೆ ಕೂತು ಫೋನಿಗೆ ಇಳಿಸಿ, ಮನೆಗೆ ಬಂದು ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಹಾಕಿ. ಆಮೇಲೆ ರೂಫಸ್ ಅಂತ ಸಣ್ಣ ಪ್ರೋಗ್ರಾಂ ಇದೆ, ಅದರಲ್ಲಿ ಪೆನ್‌ಡ್ರೈವ್ ಮಾಡಿ. 8 ಜಿಬಿಯದ್ದು ಸಾಕು.

ಕುಶಾಲನಗರ ರಿಪೇರಿ:
ಅಕ್ಕ, 4 ಜಿಬಿಯಲ್ಲಿ 10 ಕೂಡ ಓಡುವುದಿಲ್ಲ, ನಡೆಯುತ್ತದೆ ಅಷ್ಟೇ. ಹಿಂದೆ ರ‍್ಯಾಮ್ ಹಾಕುವ ಸ್ಲಾಟ್ ಇದೆಯಾ ನೋಡಿಸಿ. ಇದ್ದರೆ ರ‍್ಯಾಮ್ ಹಾಕಿಸಿ, 11 ಇರಲಿ ಬಿಡಿ.

ವಿರಾಜಪೇಟೆ ಅಂಕಲ್:
10 ಹಾಕಿ ಅನ್ನುವವರು ಒಂದನ್ನು ಬಿಟ್ಟು ಹೇಳುತ್ತಿದ್ದಾರೆ. 10ರ ಸಪೋರ್ಟ್ ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಇಎಸ್‌ಯು ಅಂತ ಯೋಜನೆ ಇಟ್ಟರು, ಅದು 2026ರ ಅಕ್ಟೋಬರ್ 13ರವರೆಗೆ ಅಂತ. ಹೆಸರು ನೋಂದಾಯಿಸಿದರೆ ಮಾತ್ರ, 22ಎಚ್2 ಆವೃತ್ತಿ ಇದ್ದರೆ ಮಾತ್ರ. ಮುಂದಿನ ಹಲವು ವರ್ಷಕ್ಕೆ ಅಂತ ತಂದ ಹೊಸ ಲ್ಯಾಪ್‌ಟಾಪಿಗೆ ಅವಧಿ ಮುಗಿದದ್ದನ್ನು ಹಾಕುವುದು ಯಾವ ಲೆಕ್ಕ?

ಲೈಸೆನ್ಸ್ ವಿಷಯವೂ ಇದೆ. ಹಳೆಯ ಆವೃತ್ತಿಗೆ ಇಳಿಯುವ ಹಕ್ಕು ಕಾಗದದ ಮೇಲೆ ಇರುವುದು ಲ್ಯಾಪ್‌ಟಾಪ್ ಜೊತೆ ವಿಂಡೋಸ್ ಪ್ರೋ ಬಂದವರಿಗೆ. ಹೋಮ್‌ಗೆ ಇಲ್ಲ.

ಪೊನ್ನಂಪೇಟೆ ಮಳೆ:
ಕಾಗದದ ಮೇಲೆ ಇಲ್ಲದಿರಬಹುದು ಅಂಕಲ್. ಆದರೆ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್ ಒಳಗೆ ಇರುತ್ತದೆ, 10 ಹೋಮ್ ಹಾಕಿ ನೆಟ್ ಕೊಟ್ಟಾಗ ನನ್ನದು ತಾನಾಗಿ ಆ್ಯಕ್ಟಿವೇಟ್ ಆಯಿತು.

ವಿರಾಜಪೇಟೆ ಅಂಕಲ್:
ಆಗುವುದು ಬೇರೆ, ಹಕ್ಕು ಇರುವುದು ಬೇರೆ. ನಿಮ್ಮ ಸ್ವಂತದ್ದಕ್ಕೆ ಏನು ಬೇಕಾದರೂ ಮಾಡಿಕೊಳ್ಳಿ. ಇದು ತೋಟದ ಆಫೀಸು.

ಗೋಣಿಕೊಪ್ಪ ಬಾಯ್:
ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಪ್ರೋ ಕೀ ಸಿಗುತ್ತೆ ಅಲ್ವಾ?

ಕುಶಾಲನಗರ ರಿಪೇರಿ:
ಸಿಗುತ್ತದೆ. ಅಷ್ಟು ಅಗ್ಗಕ್ಕೆ ಸಿಗುವುದು ಯಾವುದೋ ಕಂಪನಿಗೆ ಒಟ್ಟಿಗೆ ಕೊಟ್ಟ ಕೀ ಸೋರಿಕೊಂಡು ಬಂದದ್ದಾಗಿರುತ್ತದೆ. ಯಾವತ್ತು ರದ್ದಾಗುತ್ತದೋ ಹೇಳಲಾಗದು. ಅದು ಬಿಡಿ.

ರೈಟರ್ರೇ, ಇಷ್ಟೊತ್ತು ಎಲ್ಲರೂ ಹೇಗೆ ಹಾಕುವುದು ಅಂತ ಮಾತಾಡಿದೆವು. ಆ ಪ್ರೋಗ್ರಾಂ ಯಾವುದು ಅಂತ ಯಾರೂ ಕೇಳಲಿಲ್ಲ. ಕಪ್ಪು ಸ್ಕ್ರೀನಾ? ಮೌಸ್ ನಡೆಯುತ್ತದಾ? ಫೋಲ್ಡರ್ ಒಳಗೆ ಎಂಥ ಫೈಲುಗಳಿವೆ? ಹಳೆಯ ಕಂಪ್ಯೂಟರ್ ಆನ್ ಆದ ದಿನ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ 32 ಬಿಟ್ಟಾ 64 ಬಿಟ್ಟಾ ನೋಡಿ ಹೇಳಿ, ವಿಂಡೋಸ್‌ನಲ್ಲಿ ಹಾಗೆ ಎರಡು ಥರ ಇವೆ.

ಸಿದ್ದಾಪುರ ರೈಟರ್:
ಇವತ್ತು ಆನ್ ಆಯಿತು. 32 ಬಿಟ್ ಅಂತ ಇದೆ. ಪ್ರೋಗ್ರಾಂ ನೀಲಿ ಸ್ಕ್ರೀನು, ಬಿಳಿ ಅಕ್ಷರ, ಮೌಸ್ ನಡೆಯಲ್ಲ, ಎಲ್ಲ ಆ್ಯರೋ ಮತ್ತು ಎಫ್ ಕೀಗಳಲ್ಲೇ. ಫೋಲ್ಡರ್‌ನಲ್ಲಿ ಡಿಬಿಎಫ್ ಅಂತ ಕೊನೆಯಾಗುವ ಫೈಲುಗಳು ತುಂಬಾ ಇವೆ. ಮೈಸೂರಿನಿಂದ ಬಂದ ಒಬ್ಬರು ನಾನು ಸೇರುವ ಮೊದಲೇ ಮಾಡಿಕೊಟ್ಟದ್ದಂತೆ. ಅವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಫಾಕ್ಸ್‌ಪ್ರೋ ಅಂತ ಶುರುವಿನಲ್ಲಿ ಬರುತ್ತದೆ.

ಕುಶಾಲನಗರ ರಿಪೇರಿ:
ಅಂದುಕೊಂಡೆ. ಫಾಕ್ಸ್‌ಪ್ರೋ ಅಂದರೆ ಲೆಕ್ಕ ಇಡುವ ಹಳೆಯ ಡೇಟಾಬೇಸ್. ಇದು ವಿಂಡೋಸ್‌ಗಿಂತ ಹಳೆಯದಾದ ಡಾಸ್ ಕಾಲದ ಪ್ರೋಗ್ರಾಂ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ನಡೆದದ್ದು ಅದು 7 ಅಂತ ಅಲ್ಲ, 32 ಬಿಟ್ ಅಂತ. 32 ಬಿಟ್ ವಿಂಡೋಸ್ ಒಳಗೆ ಡಾಸ್ ಪ್ರೋಗ್ರಾಂಗಳನ್ನು ನಡೆಸಲು ಎನ್‌ಟಿವಿಡಿಎಂ ಅನ್ನುವ ಭಾಗ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಯಾವತ್ತೂ ಇರಲಿಲ್ಲ. 64 ಬಿಟ್ 7 ಹಾಕಿದರೂ ನಡೆಯಲ್ಲ, 64 ಬಿಟ್ 10 ಹಾಕಿದರೂ ಇದೇ ಮೆಸೇಜ್ ಬರುತ್ತದೆ. ಅಂಗಡಿಯವರು 10 ಹಾಕಿ, ದುಡ್ಡು ತೆಗೆದುಕೊಂಡು, ನೀವು ಸಿದ್ದಾಪುರಕ್ಕೆ ವಾಪಸ್ ಬಂದು ಚೆಕ್‌ರೋಲ್ ಒತ್ತಿದಾಗ ಗೊತ್ತಾಗುತ್ತಿತ್ತು.

ಪೊನ್ನಂಪೇಟೆ ಮಳೆ:
32 ಬಿಟ್ 10 ಇದೆಯಲ್ಲ? ಅದನ್ನು ಹಾಕಿದರೆ?

ಕುಶಾಲನಗರ ರಿಪೇರಿ:
ಇದೆ. 11ಕ್ಕೆ 32 ಬಿಟ್ ಇಲ್ಲ, 10ಕ್ಕೆ ಇದೆ. ಆದರೆ 64 ಬಿಟ್ ಯುಇಎಫ್‌ಐ ಮಾತ್ರ ಇರುವ ಲ್ಯಾಪ್‌ಟಾಪಿನಲ್ಲಿ 32 ಬಿಟ್ ವಿಂಡೋಸ್ ಬೂಟ್ ಆಗುವುದಿಲ್ಲ, ಮತ್ತೆ ಅದೇ ಸಿಎಸ್‌ಎಂ ಬೇಕು. ಆಯಿತು ಅಂತಲೇ ಇಟ್ಟುಕೊಳ್ಳಿ, 16 ಜಿಬಿ ರ‍್ಯಾಮ್‌ನಲ್ಲಿ 4 ಜಿಬಿಗಿಂತ ಜಾಸ್ತಿ ಅದಕ್ಕೆ ಕಾಣುವುದಿಲ್ಲ. ಡ್ರೈವರ್‌ಗಳೂ 64 ಬಿಟ್‌ಗೆ ಮಾತ್ರ ಬರುತ್ತಿವೆ.

ಪೆಂಗ್ವಿನ್ ಸೋಮವಾರಪೇಟೆ:
ಇಷ್ಟೆಲ್ಲ ಯಾಕೆ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ. ಅದರಲ್ಲೇ ಮಿಂಟ್ ಅನ್ನುವುದು ಹಾಕಿದರೆ ವೈರಸ್ ಕಾಟ ಕಮ್ಮಿ, ಲೈಸೆನ್ಸ್ ಜಗಳ ಇಲ್ಲ. ಡಾಸ್ ಪ್ರೋಗ್ರಾಂ ಡಾಸ್‌ನ ಹಾಗೆ ನಟಿಸುವ ಡಾಸ್‌ಬಾಕ್ಸ್‌ನಲ್ಲಿ ನಡೆಯುತ್ತದೆ.

ವಿರಾಜಪೇಟೆ ಅಂಕಲ್:
ಯಾವ ಚರ್ಚೆಗೂ ಲಿನಕ್ಸ್ ಬರದೇ ಇರುವುದಿಲ್ಲ. ರೈಟರ್ ಬೆಳಗ್ಗೆ ಹಾಜರಿ ಹಿಡಿದು ಸಂಜೆ ಕಣದಲ್ಲಿ ತೂಕ ನೋಡಿ ಆಮೇಲೆ ಕಂಪ್ಯೂಟರ್ ಮುಂದೆ ಕೂರುವವರು. ಅವರಿಗೆ ಇನ್ನೊಂದು ಹೊಸದನ್ನು ಕಲಿಸಬೇಕಾ?

ಪೆಂಗ್ವಿನ್ ಸೋಮವಾರಪೇಟೆ:
ಕಲಿಯಲು ಏನಿಲ್ಲ ಅಂಕಲ್. ಆಯಿತು, ಲಿನಕ್ಸ್ ಬಿಡಿ. ಡಾಸ್‌ಬಾಕ್ಸ್ 11ರಲ್ಲೂ ಇದೆ.

ಕುಶಾಲನಗರ ರಿಪೇರಿ:
ದಾರಿ ಸರಿ, ಗಾಡಿ ಬೇರೆ ಬೇಕು. ಡಾಸ್‌ಬಾಕ್ಸ್ ಮಾಡಿದ್ದು ಆಟಗಳಿಗೆ. ಲೆಕ್ಕದ ಪ್ರೋಗ್ರಾಂಗೆ ಪ್ರಿಂಟ್ ಮತ್ತು ಫೈಲ್ ಲಾಕ್ ಸರಿಯಾಗಿ ಇರಬೇಕು. ಅದಕ್ಕೆಂದೇ ವಿಡಾಸ್ ಅಂತ ಇನ್ನೊಂದು ಇದೆ. ಅಕ್ಷರ ಮಾತ್ರ ಇರುವ ಆಫೀಸ್ ಪ್ರೋಗ್ರಾಂಗಳಿಗಾಗಿಯೇ ಮಾಡಿದ್ದು, 64 ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತದೆ, ಡಾಸ್ ಪ್ರೋಗ್ರಾಂ ಎಲ್‌ಪಿಟಿ1 ಅನ್ನುವ ಹಳೆಯ ಪ್ರಿಂಟರ್ ಪೋರ್ಟಿಗೆ ಕಳಿಸಿದ್ದನ್ನು ವಿಂಡೋಸ್ ಪ್ರಿಂಟರ್‌ಗೆ ಕೊಡುತ್ತದೆ. 11 ಒರೆಸುವ ಅಗತ್ಯವೇ ಇಲ್ಲ. ಮೊದಲು ಇದನ್ನು ನೋಡಿ.

ಇದರಲ್ಲಿ ಆಗದಿದ್ದರೆ ವರ್ಚುವಲ್‌ಬಾಕ್ಸ್. 11ರ ಒಳಗೇ ಒಂದು ಕಿಟಕಿಯಲ್ಲಿ ಹಳೆಯ 32 ಬಿಟ್ ವಿಂಡೋಸ್ ನಡೆಯುತ್ತದೆ. ಡಿಸ್ಕ್‌2ವಿಎಚ್‌ಡಿ ಅಂತ ಮೈಕ್ರೋಸಾಫ್ಟ್‌ನದ್ದೇ ಟೂಲ್ ಇದೆ, ಹಳೆಯ ಕಂಪ್ಯೂಟರಿನ ಡಿಸ್ಕನ್ನು ಇದ್ದ ಹಾಗೇ ಒಂದು ಫೈಲ್ ಮಾಡಿಕೊಡುತ್ತದೆ, ಅದನ್ನು ತಂದು ಇದರೊಳಗೆ ಕೂರಿಸಬಹುದು. ಆದರೆ ಯಂತ್ರದ ಜೊತೆ ಬಂದ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಹೊಸ ಜಾಗದಲ್ಲಿ ಮತ್ತೆ ಆ್ಯಕ್ಟಿವೇಷನ್ ಕೇಳುತ್ತದೆ. ಅದಕ್ಕೇ ವಿಡಾಸ್ ಮೊದಲು ಅಂದೆ. ವರ್ಚುವಲ್‌ಬಾಕ್ಸ್ ಹಾಕಿದರೆ ಒಳಗಿನ ವಿಂಡೋಸ್‌ಗೆ ನೆಟ್ ಕೊಡಲೇಬೇಡಿ, ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಟಿಕ್ ತೆಗೆದುಬಿಡಿ. ಅಂಕಲ್ ಹೇಳಿದ ಭಯ ಆಗ ಇರುವುದಿಲ್ಲ.

ಏನೇ ಮಾಡುವ ಮೊದಲು, ಹಳೆಯ ಕಂಪ್ಯೂಟರ್ ಮುಂದಿನ ಸಲ ಆನ್ ಆದ ಕೂಡಲೇ ಆ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಡಿಬಿಎಫ್ ಮಾತ್ರ ಅಲ್ಲ, ಅದರ ಜೊತೆ ಸಿಡಿಎಕ್ಸ್, ಐಡಿಎಕ್ಸ್, ಎಫ್‌ಪಿಟಿ ಅಂತ ಇದ್ದರೆ ಅವೂ ಬೇಕು.

ಪೊನ್ನಂಪೇಟೆ ಮಳೆ:
ಸುಮ್ನೆ ಕೇಳುತ್ತೇನೆ, ಆ ಡಿಬಿಎಫ್ ಅನ್ನು ಎಕ್ಸೆಲ್‌ಗೆ ಹಾಕಿ ಹೊಸದಾಗಿ ಶುರು ಮಾಡಬಾರದಾ?

ಸಿದ್ದಾಪುರ ರೈಟರ್:
ಮಾಡಬಹುದು, ಕುಯ್ಲು ಮುಗಿದ ಮೇಲೆ. ಈಗ ಒಬ್ಬೊಬ್ಬರ ಕಿಲೋ, ಮುಂಗಡ, ರಜೆ ಎಲ್ಲ ಲೆಕ್ಕ ಕೂಡಿ ಬರಬೇಕು. ಬಟವಾಡೆ ದಿನ ಲೆಕ್ಕ ತಪ್ಪಿದರೆ ನನ್ನ ಟೇಬಲ್ ಮುಂದೆಯೇ ಸಾಲು ನಿಲ್ಲುವುದು. ಫೋಲ್ಡರ್ ಕಾಪಿ ಮಾಡಿದೆ, ಎಲ್ಲ ಸೇರಿ ಒಂದು ಹಾಡಿನಷ್ಟು ಜಾಗವೂ ಇಲ್ಲ! ವಿಡಾಸ್ ನೋಡಿ ಹೇಳುತ್ತೇನೆ.

ನಾಪೋಕ್ಲು ಅಕ್ಕ:
ನನ್ನದಕ್ಕೆ ರ‍್ಯಾಮ್ ಸ್ಲಾಟ್ ಇಲ್ಲವಂತೆ, ಬೋರ್ಡಿಗೇ ಬೆಸೆದಿದ್ದಾರಂತೆ. ಹಾಗಾದರೆ 10 ಹಾಕಿಸಲೇಬೇಕಾ? ಹಳೆಯ ನುಡಿ ಫೈಲುಗಳು ಇವೆ, ಸಂಘದ ವರದಿಗಳು. ಅವು ಹೋಗುತ್ತವಾ?

ಕುಶಾಲನಗರ ರಿಪೇರಿ:
ನುಡಿ ಫೈಲಿಗೆ ಬೇಕಾದ್ದು ಆ ಹಳೆಯ ಫಾಂಟ್ ಮಾತ್ರ, ಫಾಂಟ್ ಹಾಕಿದರೆ 10ರಲ್ಲೂ 11ರಲ್ಲೂ ಓದಬಹುದು. ಹಾಕಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಈಗಿನ ಲ್ಯಾಪ್‌ಟಾಪ್‌ಗಳು ಕೇಳದೆಯೇ ಡಿಸ್ಕ್‌ಗೆ ಬೀಗ ಹಾಕಿರುತ್ತವೆ. ಬಯಾಸ್‌ನಲ್ಲಿ ಏನಾದರೂ ಬದಲಿಸಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು, ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಒರೆಸುವ ಮೊದಲೇ ಅದನ್ನು ನಿಮ್ಮ ಅಕೌಂಟಿಗೆ ಸೇರಿಸಿಕೊಳ್ಳಿ, ಆಮೇಲೆ ಪರದಾಟ ಬೇಡ. ಕಂಪನಿ ಕೊಟ್ಟ 11ಕ್ಕೆ ಒಂದು ರಿಕವರಿ ಡ್ರೈವ್ ಕೂಡ ಮಾಡಿಟ್ಟುಕೊಳ್ಳಿ, 32 ಜಿಬಿ ಪೆನ್‌ಡ್ರೈವ್ ಸಾಕಾಗುತ್ತದೆ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ, ಬ್ಯಾಟರಿ ತುಂಬಿಸಿಕೊಂಡೇ ಶುರು ಮಾಡಿ.

ಆದರೂ ನನ್ನನ್ನು ಕೇಳಿದರೆ, ಮೊದಲು ಸ್ಟಾರ್ಟ್ ಆಗುವಾಗ ತಾನಾಗಿ ಓಪನ್ ಆಗುವ ಆ್ಯಪ್‌ಗಳನ್ನೆಲ್ಲ ಆಫ್ ಮಾಡಿ, ಕಂಪನಿ ತುಂಬಿಸಿದ ಆ್ಯಂಟಿವೈರಸ್ ತೆಗೆದು ಒಂದು ವಾರ ನೋಡಿ. ಅರ್ಧ ಭಾರ ಅದರದ್ದೇ ಇರುತ್ತದೆ.

ಸಿದ್ದಾಪುರ ರೈಟರ್:
ವಿಡಾಸ್‌ನಲ್ಲಿ ಓಪನ್ ಆಯಿತು!! ಅದೇ ನೀಲಿ ಸ್ಕ್ರೀನು, ಹಳೆಯದಕ್ಕಿಂತ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಕಳೆದ ವರ್ಷದ ಬಟವಾಡೆ ತೆಗೆದು ಪುಸ್ತಕದ ಜೊತೆ ತಾಳೆ ನೋಡಿದೆ, ಸರಿ ಇದೆ. 11 ಹಾಗೇ ಇದೆ, ಸಾಹುಕಾರ್ರಿಗೂ ಸಮಾಧಾನ.

ಈಗ ಪ್ರಿಂಟರ್. ನಮ್ಮದು ಡಾಟ್ ಮ್ಯಾಟ್ರಿಕ್ಸ್, ಹಿಂದೆ ಅಗಲದ ಪ್ಯಾರಲಲ್ ಪೋರ್ಟ್ ಮಾತ್ರ ಇದೆ. ಲ್ಯಾಪ್‌ಟಾಪಿನಲ್ಲಿ ಅಂಥದ್ದು ಇಲ್ಲ. ಹೊಸ ಪ್ರಿಂಟರ್ ಕೇಳಲು ಈಗ ಧೈರ್ಯ ಇಲ್ಲ.

ಕುಶಾಲನಗರ ರಿಪೇರಿ:
ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಸಿಗುತ್ತದೆ, ದುಬಾರಿ ಏನಲ್ಲ. ಅದನ್ನು ಚುಚ್ಚಿದರೆ ವಿಂಡೋಸ್ ಅದನ್ನು ಎಲ್‌ಪಿಟಿ1 ಅಂತ ತೋರಿಸುವುದಿಲ್ಲ, ಯುಎಸ್‌ಬಿ001 ಅಂತ ಒಂದು ಪೋರ್ಟ್ ಬರುತ್ತದೆ. ಗಾಬರಿ ಬೇಡ. ಪ್ರಿಂಟರ್ ಸೇರಿಸುವಾಗ ಆ ಪೋರ್ಟ್ ಆರಿಸಿ, ನಿಮ್ಮ ಮಾಡೆಲ್‌ನ ಡ್ರೈವರ್ ಸಿಕ್ಕರೆ ಅದು, ಸಿಗದಿದ್ದರೆ ಜೆನೆರಿಕ್ ಟೆಕ್ಸ್ಟ್ ಓನ್ಲಿ ಅಂತ ವಿಂಡೋಸ್‌ನಲ್ಲೇ ಇರುವುದನ್ನು ಹಾಕಿ. ಅದನ್ನೇ ಡಿಫಾಲ್ಟ್ ಪ್ರಿಂಟರ್ ಮಾಡಿ.

ಸಿದ್ದಾಪುರ ರೈಟರ್:
ಕೇಬಲ್ ತರಿಸಿದೆ, ಪ್ರಿಂಟ್ ಬಂತು. ಆದರೆ ಮೊದಲನೇ ಹಾಳೆ ಸರಿ ಬಂದು, ಎರಡನೇದರಿಂದ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತದೆ. ಐದನೇ ಹಾಳೆಯಲ್ಲಿ ಹೆಸರು ಒಂದು ಕಡೆ, ಮೊತ್ತ ಮಡಿಕೆಯ ಆಚೆ.

ಕುಶಾಲನಗರ ರಿಪೇರಿ:
ವಿಂಡೋಸ್ ಎ4 ಅಂದುಕೊಂಡು ಕಳಿಸುತ್ತಿದೆ, ನಿಮ್ಮದು ತೂತು ಇರುವ ಉದ್ದದ ಪೇಪರ್. ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಗೆ ಸ್ಕೇಲ್ ಇಟ್ಟು ಅಳೆಯಿರಿ, 12 ಇಂಚು ಇರಬಹುದು, 11 ಕೂಡ ಇರಬಹುದು. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಜಾಗದಲ್ಲಿ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಇರುತ್ತದೆ, ಅದರಲ್ಲಿ ಹೊಸ ಫಾರ್ಮ್ ಮಾಡಿ ಆ ಅಳತೆ ಹಾಕಿ, ನಾಲ್ಕೂ ಕಡೆ ಅಂಚು ಸೊನ್ನೆ ಕೊಡಿ. ಆಮೇಲೆ ಪ್ರಿಂಟರ್‌ನ ಪ್ರಿಫರೆನ್ಸಸ್‌ನಲ್ಲಿ ಪೇಪರ್ ಅಂತ ಅದೇ ಫಾರ್ಮ್ ಆರಿಸಿ. ಪ್ರಿಂಟರ್ ಒಳಗೂ ಪುಟದ ಉದ್ದ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಅದೂ ಇದೇ ಅಳತೆ ಇರಬೇಕು, ಇಲ್ಲದಿದ್ದರೆ ಮತ್ತೆ ಜಾರುತ್ತದೆ.